ಬೀಫ್ ಸ್ಟ್ಯೂ ಮತ್ತು ನೂಡಲ್ಸ್: ಸ್ಲೋ ಕುಕ್ಕರೋ, ಪ್ರೆಷರ್ ಕುಕ್ಕರೋ, ಓವನ್ನೋ?

ಅಮೆರಿಕದ ಇಂಡಿಯಾನಾ, ಒಹಾಯೊ, ಅಯೋವಾ ಕಡೆಯ ಮನೆಗಳಲ್ಲಿ ಚಳಿಗಾಲದ ಊಟ ಅಂದರೆ ಬೀಫ್ ಅಂಡ್ ನೂಡಲ್ಸ್. ದಪ್ಪನೆಯ ಮೊಟ್ಟೆ ನೂಡಲ್ಸ್, ಮುಟ್ಟಿದರೆ ಎಳೆಎಳೆಯಾಗಿ ಬಿಡಿಸಿಕೊಳ್ಳುವ ಮಾಂಸ, ಕಂದು ಬಣ್ಣದ ಮಂದ ರಸ. ಕೆಲವರು ಇದನ್ನು ಹಿಸುಕಿದ ಆಲೂಗಡ್ಡೆಯ ಮೇಲೆ ಸುರಿದುಕೊಂಡೇ ತಿನ್ನುತ್ತಾರೆ. ಮಂಗಳೂರು ಕಡೆಯ ಕ್ಯಾಥೊಲಿಕ್ ಮನೆಯಲ್ಲಿ ಬಫಾತ್ ಮಸಾಲೆ ಪುಡಿ ಹಾಕಿದ ಬೀಫ್ ತಿಂದು ಬೆಳೆದ ನನಗೆ, ಖಾರ ಹುಳಿ ಎರಡೂ ಇಲ್ಲದ ಈ ಅಡುಗೆ ನಾಲಿಗೆಗೆ ಹತ್ತಲು ಸ್ವಲ್ಪ ಕಾಲ ಬೇಕಾಯಿತು. ಈಗ ಹೊರಗೆ ಹಿಮ ಬಿದ್ದರೆ ಮನೆಯಲ್ಲಿ ಮೊದಲು ಕೇಳುವುದೇ ಇದನ್ನು.

ಇದನ್ನು ಕಡಿಮೆ ಬಿಸಿಯಲ್ಲಿ ಗಂಟೆಗಟ್ಟಲೆ ಬೇಯಿಸುವ ವಿದ್ಯುತ್ ಪಾತ್ರೆಯಾದ ಸ್ಲೋ ಕುಕ್ಕರಿನಲ್ಲಿ, ಪ್ರೆಷರ್ ಕುಕ್ಕರಿನಲ್ಲಿ, ಓವನ್ನಿನೊಳಗೆ ಭಾರದ ಕಬ್ಬಿಣದ ಪಾತ್ರೆಯಲ್ಲಿ, ಮೂರೂ ರೀತಿ ಮಾಡಿ ನೋಡಿದ್ದೇನೆ. ಸಾಮಾನು ಎಲ್ಲಕ್ಕೂ ಒಂದೇ: ಸುಮಾರು 900 ಗ್ರಾಂ ಮಾಂಸ, ಉಪ್ಪು ಕಡಿಮೆ ಇರುವ ಬೀಫ್ ಸ್ಟಾಕ್ (ಮಾಂಸ, ಎಲುಬು ಬೇಯಿಸಿ ಸೋಸಿದ ರಸ) 6 ಕಪ್, ಎರಡು ಈರುಳ್ಳಿ, ಕ್ಯಾರೆಟ್, ಸೆಲರಿ, ಬೆಳ್ಳುಳ್ಳಿ, ಒಂದೆರಡು ಪಲಾವ್ ಎಲೆ, ಥೈಮ್, ಒಂದು ದೊಡ್ಡ ಚಮಚ ವೂಸ್ಟರ್ ಸಾಸ್, ಕೊನೆಗೆ ಧಾರಾಳ ಕರಿಮೆಣಸು.

ಪಾತ್ರೆಗಿಂತ ಮೊದಲು ಮಾಂಸದ ಮಾತು. ಅಂಗಡಿಯಲ್ಲಿ ‘ಸ್ಟ್ಯೂ ಮೀಟ್’ ಎಂದು ಕತ್ತರಿಸಿಟ್ಟ ಪೊಟ್ಟಣದಲ್ಲಿ ಬೇರೆ ಬೇರೆ ಭಾಗದ ತುಂಡುಗಳು ಬೆರೆತಿರುತ್ತವೆ. ಒಂದು ತುಂಡು ಬೆಂದಾಗ ಇನ್ನೊಂದು ರಬ್ಬರಿನಂತಿರುತ್ತದೆ. ಹಿಂಗಾಲಿನ ರೌಂಡ್ ಭಾಗದಲ್ಲಿ ಕೊಬ್ಬು ಕಡಿಮೆ, ಎಷ್ಟು ಹೊತ್ತು ಬೇಯಿಸಿದರೂ ಒಣಒಣ. ಭುಜದ ಭಾಗದ ಚಕ್ ರೋಸ್ಟನ್ನು ಇಡಿಯಾಗಿ ತಂದು ನೀವೇ ದೊಡ್ಡ ತುಂಡು ಮಾಡಿಕೊಳ್ಳಿ. ಅದರಲ್ಲಿ ಕೊಬ್ಬೂ ಇದೆ, ಕೊಲಾಜನ್ ಎಂಬ ಗಟ್ಟಿ ನಾರೂ ಇದೆ. ಆ ನಾರು ಸುಮಾರು 70 ಡಿಗ್ರಿ ಸೆಲ್ಸಿಯಸ್ ದಾಟಿದ ಬಿಸಿಯಲ್ಲಿ ಗಂಟೆಗಟ್ಟಲೆ ಇದ್ದರೆ ಕರಗಿ ಜೆಲಟಿನ್ ಆಗುತ್ತದೆ. ತುಟಿಗೆ ಅಂಟುವ ಆ ಜಿಗುಟು, ರಸದ ಮೈ, ಎಲ್ಲ ಅದರದ್ದೇ. ಕಾಲಿನ ಶ್ಯಾಂಕ್ ಭಾಗ ಇನ್ನೂ ರುಚಿ, ಆದರೆ ಬೇಯಲು ಇನ್ನೂ ಹೊತ್ತು ಬೇಕು.

ಮೊದಲು ಓವನ್. ರುಚಿಯೊಂದನ್ನೇ ನೋಡುವುದಾದರೆ ಗೆಲ್ಲುವುದು ಇದೇ. 150 ಡಿಗ್ರಿಯಲ್ಲಿ ಮೂರು ಗಂಟೆ ಇಟ್ಟರೆ, ರಸದಿಂದ ಮೇಲೆದ್ದ ತುಂಡುಗಳು ಅಂಚಿನಲ್ಲಿ ಕೆಂಪಗೆ ಹುರಿದುಕೊಳ್ಳುತ್ತವೆ, ನೀರು ಆವಿಯಾಗಿ ರಸ ಕಪ್ಪಾಗಿ ಇಳಿಯುತ್ತದೆ. ಬ್ರೆಡ್ಡಿಗೋ ಆಲೂಗಡ್ಡೆಗೋ ಇದಕ್ಕಿಂತ ಚೆನ್ನಾದದ್ದು ಇಲ್ಲ. ಆದರೆ ನಮಗೆ ಬೇಕಾದದ್ದು ನೂಡಲ್ಸ್ ಅಲ್ಲವೇ? ಅಷ್ಟು ಗಟ್ಟಿಯಾದ ರಸಕ್ಕೆ ಹಸಿ ನೂಡಲ್ಸ್ ಹಾಕಿದರೆ ತಳ ಹಿಡಿಯುತ್ತದೆ. ಬೇರೆ ನೀರಿನಲ್ಲಿ ಬೇಯಿಸಿ ತಂದರೆ ಮಾಂಸದ ರುಚಿ ನೂಡಲ್ಸಿನ ಮೇಲೆ ಕೂರುತ್ತದೆಯೇ ಹೊರತು ಒಳಗಿಳಿಯುವುದಿಲ್ಲ.

ಪ್ರೆಷರ್ ಕುಕ್ಕರ್ ನಮ್ಮವರ ಕೈಗೆ ಒಗ್ಗಿದ ಪಾತ್ರೆ. ಒಳಗಿನ ಬಿಸಿ 115ರಿಂದ 120 ಡಿಗ್ರಿಯವರೆಗೆ ಏರುವುದರಿಂದ ದಿನವಿಡೀ ಆಗುವ ಕೆಲಸ ಒತ್ತಡ ಬಂದ ಮೇಲೆ 40 ನಿಮಿಷದಲ್ಲಿ ಮುಗಿಯುತ್ತದೆ. ಒತ್ತಡ ತಾನಾಗಿ ಇಳಿಯುವವರೆಗೆ ಬಿಡಲೇಬೇಕು. ಆತುರಕ್ಕೆ ಹಬೆ ಬಿಟ್ಟರೆ ಒಳಗಿನ ರಸ ಭರಭರನೆ ಕುದಿದು ಮಾಂಸದ ತೇವ ಹೊರಹೋಗುತ್ತದೆ, ಎಳೆ ಮೆತ್ತಗಿದ್ದರೂ ಬಾಯಲ್ಲಿ ಒಣಗಿದಂತೆ ಅನಿಸುತ್ತದೆ. ಮಾಂಸದ ಜೊತೆಗೇ ಹಾಕಿದ ಕ್ಯಾರೆಟ್ ಪಾಯಸದಂತಾಗುತ್ತದೆ, ಅದಕ್ಕೆ ತರಕಾರಿಯನ್ನು ಆಮೇಲೆ ಬೇರೆಯಾಗಿ ಬೇಯಿಸಬೇಕು. ಕೆಲಸದ ದಿನ ಸಂಜೆ ಆರಕ್ಕೆ ಮನೆ ಸೇರಿ ಎಂಟಕ್ಕೆ ಉಣ್ಣಬೇಕೆಂದರೆ ಇದನ್ನೇ ಹಿಡಿಯಿರಿ, ಮೋಸವಿಲ್ಲ. ಆದರೂ ಸ್ಲೋ ಕುಕ್ಕರಿನ ರಸವನ್ನು ಪಕ್ಕದಲ್ಲಿಟ್ಟು ಕುಡಿದು ನೋಡಿದರೆ ನನಗೆ ಅದೇ ಹೆಚ್ಚು ತಿಳಿಯಾಗಿ, ದುಂಡಗೆ ಅನಿಸಿದೆ.

ಸ್ಲೋ ಕುಕ್ಕರಿನ ಹಿಂದೆ ಒಂದು ಒಳ್ಳೆಯ ಕಥೆ ಇದೆ. ಷಿಕಾಗೊದ ಇರ್ವಿಂಗ್ ನ್ಯಾಕ್ಸನ್ ಇದರ ಮೂಲ ರೂಪಕ್ಕೆ 1940ರಲ್ಲಿ ಪೇಟೆಂಟ್ ಪಡೆದರು. ಲಿಥುವೇನಿಯಾದ ಯಹೂದಿಗಳು ಕೆಲಸ ಮಾಡದ ವಾರದ ವಿಶ್ರಾಂತಿ ದಿನವಾದ ಸಬ್ಬತ್‌ಗಾಗಿ ಮಾಂಸ, ಕಾಳಿನ ಪಾತ್ರೆಯನ್ನು ಬೇಕರಿಯ ಆರುತ್ತಿರುವ ಒಲೆಯಲ್ಲಿ ರಾತ್ರಿಯಿಡೀ ಬಿಡುತ್ತಿದ್ದ ‘ಚೋಲೆಂಟ್’ ಎಂಬ ಅಡುಗೆಯ ಬಗ್ಗೆ ಮನೆಯ ಹಿರಿಯರು ಹೇಳಿದ್ದೇ ಅವರಿಗೆ ಪ್ರೇರಣೆ. ಮುಂದೆ ರೈವಲ್ ಕಂಪನಿ ಅದನ್ನು ಕೊಂಡು 1971ರಲ್ಲಿ ಕ್ರಾಕ್-ಪಾಟ್ ಹೆಸರಿನಲ್ಲಿ ಮಾರುಕಟ್ಟೆಗೆ ತಂದಿತು. ಒಲೆ ಹತ್ತಿರ ಯಾರೂ ನಿಲ್ಲಲಾಗದ ದಿನಕ್ಕಾಗಿ ಹುಟ್ಟಿದ ಪಾತ್ರೆ ಇದು, ಇಂದಿಗೂ ಅದರ ದೊಡ್ಡ ಗುಣ ಅದೇ.

ಇದರ ದೋಷ ಎಲ್ಲರಿಗೂ ಗೊತ್ತು: ಮುಚ್ಚಳದಡಿ ಆವಿ ಮತ್ತೆ ನೀರಾಗಿ ಕೆಳಗೇ ಬೀಳುತ್ತದೆ, ರಸ ಇಳಿಯುವುದಿಲ್ಲ, ತೆಳ್ಳಗೇ ಉಳಿಯುತ್ತದೆ. ಬರೀ ಸ್ಟ್ಯೂ ಮಾಡುವವರಿಗೆ ಇದು ತಲೆನೋವು. ನೂಡಲ್ಸ್ ಹಾಕುವವರಿಗೆ ಇದೇ ವರ. ಎಂಟು ಗಂಟೆಯ ನಂತರವೂ ಆರು ಕಪ್ ರಸ ಹೆಚ್ಚುಕಮ್ಮಿ ಹಾಗೇ ಇರುತ್ತದೆ, ಅದರೊಳಗೆ ಜೆಲಟಿನ್ ಕರಗಿರುತ್ತದೆ. ನೂಡಲ್ಸ್ ಆ ರಸವನ್ನೇ ಕುಡಿದು ಬೇಯುತ್ತದೆ, ತನ್ನ ಮೈದಾ ಬಿಟ್ಟುಕೊಟ್ಟು ರಸವನ್ನು ಮಂದ ಮಾಡುತ್ತದೆ. ಕಾರ್ನ್‌ಫ್ಲೋರ್ ಕಲಸಿ ಹಾಕುವ ಅಗತ್ಯವೇ ಬರುವುದಿಲ್ಲ. ನಾನು ಈ ಅಡುಗೆಗೆ ಸ್ಲೋ ಕುಕ್ಕರನ್ನೇ ಆರಿಸುವುದು ಇದೇ ಕಾರಣಕ್ಕೆ.

ಒಂದು ಕೆಲಸ ಮಾತ್ರ ತಪ್ಪಿಸಬೇಡಿ. ಸ್ಲೋ ಕುಕ್ಕರಿನ ಬಿಸಿ ಕುದಿಯುವ ನೀರಿನ ಬಿಸಿಯನ್ನು ಮೀರದು, ಹಾಗಾಗಿ ಅದರಲ್ಲಿ ಮಾಂಸ ಕೆಂಪಾಗುವುದೇ ಇಲ್ಲ. ಬೆಳಿಗ್ಗೆ ಹತ್ತು ನಿಮಿಷ ಇದಕ್ಕಿಡಿ: ಬಾಣಲೆ ಚೆನ್ನಾಗಿ ಕಾಯಿಸಿ, ಒರೆಸಿ ಒಣಗಿಸಿದ ತುಂಡುಗಳನ್ನು ಅಲುಗಾಡಿಸದೆ ಕೆಂಪಗೆ ಹುರಿದು, ತಳಕ್ಕೆ ಅಂಟಿದ್ದನ್ನು ಸ್ವಲ್ಪ ಸ್ಟಾಕ್ ಹಾಕಿ ಕೆರೆದು ಅದನ್ನೂ ಸೇರಿಸಿ. ಹುರಿಯದೆ ಹಾಕಿದ ಪಾತ್ರೆಯ ರಸ ಬೂದು ಬಣ್ಣದ್ದು, ರುಚಿಯೂ ಬೇಯಿಸಿದ ನೀರಿನದು. ಸ್ಲೋ ಕುಕ್ಕರಿನ ಕಡಿಮೆ ಬಿಸಿಯಲ್ಲಿ ತರಕಾರಿ ಮಾಂಸಕ್ಕಿಂತ ನಿಧಾನವಾಗಿ ಮೆತ್ತಗಾಗುವುದರಿಂದ ಅದು ತಳದಲ್ಲಿರಲಿ, ಮಾಂಸ ಮೇಲೆ. ಫ್ರೀಜರಿನಿಂದ ತೆಗೆದ ಗಟ್ಟಿ ಮಾಂಸವನ್ನು ನೇರವಾಗಿ ಹಾಕಬೇಡಿ, ಅದು ಸುರಕ್ಷಿತ ಬಿಸಿಗೆ ಬರುವಷ್ಟರಲ್ಲಿ ತುಂಬ ಹೊತ್ತಾಗುತ್ತದೆ. ಕುಕ್ಕರಿನ ಗುಂಡಿಯನ್ನು ಕಡಿಮೆ ಬಿಸಿಯ ‘ಲೋ’ಗೆ ತಿರುಗಿಸಿ ಎಂಟು ಗಂಟೆ. ಐದನೇ ಗಂಟೆಗೆ ಫೋರ್ಕ್ ಚುಚ್ಚಿದರೆ ಮಾಂಸ ಹಟ ಹಿಡಿದಿರುತ್ತದೆ, ಅದು ಕೆಟ್ಟಿದೆ ಅಂದುಕೊಳ್ಳಬೇಡಿ. ಏಳರ ನಂತರ ಫೋರ್ಕ್ ತಿರುಗಿಸಿದರೆ ಸಾಕು, ತುಂಡು ತಾನಾಗಿ ಸೀಳುತ್ತದೆ.

ಇನ್ನು ನೂಡಲ್ಸ್. ಪೊಟ್ಟಣದ ಒಣ ಅಗಲ ಮೊಟ್ಟೆ ನೂಡಲ್ಸ್ ಎಲ್ಲೆಡೆ ಸಿಗುತ್ತದೆ, ಅಗ್ಗ. ಕುಕ್ಕರನ್ನು ಹೆಚ್ಚು ಬಿಸಿಯ ‘ಹೈ’ಗೆ ತಿರುಗಿಸಿ ಹಾಕಿದರೆ ಇಪ್ಪತ್ತು ನಿಮಿಷದಲ್ಲಿ ಬೇಯುತ್ತದೆ. ಆದರೆ ಅದಕ್ಕೆ ತಾಳ್ಮೆ ಕಡಿಮೆ: ಮನೆಯವರು ಊಟಕ್ಕೆ ಕೂರುವುದು ಅರ್ಧ ಗಂಟೆ ತಡವಾದರೆ ಉಬ್ಬಿ, ಚಮಚದಲ್ಲೇ ಮುರಿಯುತ್ತದೆ. ಫ್ರೀಜರ್ ವಿಭಾಗದಲ್ಲಿ ಸಿಗುವ, ರೀಮ್ಸ್ ಬ್ರಾಂಡ್‌ನಂಥ ಗಟ್ಟಿ ನೂಡಲ್ಸ್ ಈ ಪಾತ್ರೆಗೇ ಹೇಳಿ ಮಾಡಿಸಿದ್ದು. 340 ಗ್ರಾಂ ನೂಡಲ್ಸನ್ನು ಕರಗಿಸದೆ, ಒಂದಕ್ಕೊಂದು ಅಂಟದಂತೆ ಬಿಡಿಸಿ ಹಾಕಿ, ಹೈನಲ್ಲಿ 40ರಿಂದ 50 ನಿಮಿಷ, ನಡುವೆ ಒಮ್ಮೆ ಕಲಕಿ. ಮೈಗೆ ಹತ್ತಿದ ಹಿಟ್ಟು ರಸಕ್ಕಿಳಿಯುತ್ತದೆ, ಒಳಗೆ ಹಲ್ಲಿಗೆ ಸಿಗುವಷ್ಟು ಗಟ್ಟಿತನ ಉಳಿಯುತ್ತದೆ.

ಮನೆಯಲ್ಲೇ ಲಟ್ಟಿಸಿದ್ದು ಇನ್ನೂ ರುಚಿ. ಎರಡು ಮೊಟ್ಟೆ, ಸುಮಾರು ಒಂದೂವರೆ ಕಪ್ ಮೈದಾ, ಉಪ್ಪು. ಗಟ್ಟಿ ಕಲಸಿ, ಚಪಾತಿಗಿಂತ ಸ್ವಲ್ಪ ದಪ್ಪ ಲಟ್ಟಿಸಿ, ಬೆರಳಗಲ ಕತ್ತರಿಸಿ ಅರ್ಧ ಗಂಟೆ ಆರಲು ಬಿಟ್ಟರಾಯಿತು. ಭಾನುವಾರಕ್ಕೆ ಸರಿ, ದಿನದ ಮಾತಲ್ಲ. ನಮ್ಮೂರಿನ ಒತ್ತು ಶ್ಯಾವಿಗೆಯನ್ನೂ ಪ್ರಯತ್ನಿಸಿದೆ. ಪಾತ್ರೆಯೊಳಗೆ ಹಾಕಿದರೆ ಅಕ್ಕಿ ಹಿಟ್ಟು ಕರಗಿ ಗಂಜಿಯಾಗುತ್ತದೆ. ತಟ್ಟೆಯಲ್ಲಿ ಶ್ಯಾವಿಗೆ ಹಾಕಿಕೊಂಡು ಮೇಲೆ ಬಿಸಿ ರಸ, ಮಾಂಸ ಸುರಿದುಕೊಂಡರೆ ಮಾತ್ರ ಬಹಳ ಸೊಗಸು. ಆಗ ಕರಿಮೆಣಸು ಇನ್ನಷ್ಟು ಬೇಕಾಗುತ್ತದೆ.

ಮಿಕ್ಕಿದ್ದನ್ನು ಫ್ರಿಜ್ಜಿನಲ್ಲಿಟ್ಟರೆ ಬೆಳಗಾಗುವಷ್ಟರಲ್ಲಿ ನೂಡಲ್ಸ್ ರಸವನ್ನೆಲ್ಲ ಹೀರಿರುತ್ತದೆ. ಬಿಸಿ ಮಾಡುವಾಗ ಒಂದು ಕಪ್ ಸ್ಟಾಕ್ ಸೇರಿಸಿ. ಫ್ರೀಜರಿಗೆ ಹಾಕುವುದಿದ್ದರೆ ನೂಡಲ್ಸ್ ಹಾಕುವ ಮೊದಲೇ ಅಷ್ಟು ಸ್ಟ್ಯೂ ಬೇರೆ ಡಬ್ಬಿಗೆ ತೆಗೆದಿಡಿ. ಉಣ್ಣುವ ದಿನ ಹೊಸದಾಗಿ ನೂಡಲ್ಸ್ ಬೇಯಿಸಿಕೊಂಡರೆ ಆಯಿತು.