ನಿಶ್ಚಲ ಯುದ್ಧದೊಳಗೆ ಚಲಿಸುವ ಕ್ಯಾಮೆರಾ: ‘ಹೇಲೋ 3’ರ ‘ಬಿಲೀವ್’ ಜಾಹೀರಾತು

ಬಂಜಿ ಸಂಸ್ಥೆ ರೂಪಿಸಿ, ಮೈಕ್ರೋಸಾಫ್ಟ್ ತನ್ನ ಗೇಮ್ ಆಡುವ ಯಂತ್ರ ಎಕ್ಸ್‌ಬಾಕ್ಸ್ 360ಗಾಗಿ ಹೊರತಂದ ‘ಹೇಲೋ 3’ ಗೇಮ್ 2007ರ ಸೆಪ್ಟೆಂಬರ್ 25ರಂದು ಮಾರುಕಟ್ಟೆಗೆ ಬಂದಿತು. ಅದರ ಪ್ರಚಾರಕ್ಕೆಂದು ಆಗ ಮಾಡಿದ್ದ ‘ಬಿಲೀವ್’ ಎಂಬ ಜಾಹೀರಾತು ಸರಣಿಯನ್ನು ಇತ್ತೀಚೆಗೆ ಮತ್ತೆ ಕುಳಿತು, ಶಾಟಿನಿಂದ ಶಾಟಿಗೆ ನಿಲ್ಲಿಸುತ್ತಾ ನೋಡಿದೆ. ವಿಡಿಯೋ ಗೇಮುಗಳಿಗಾಗಿ ನಿಜವಾದ ಕ್ಯಾಮೆರಾ ಇಟ್ಟು ತೆಗೆದ ಜಾಹೀರಾತುಗಳಲ್ಲಿ ನಾನು ನೋಡಿರುವ ಮಟ್ಟಿಗೆ ಇದಕ್ಕಿಂತ ಚೆನ್ನಾಗಿ ಯೋಚಿಸಿ ಮಾಡಿದ್ದು ಇನ್ನೊಂದಿಲ್ಲ. 2008ರ ಕಾನ್ ಜಾಹೀರಾತು ಉತ್ಸವದಲ್ಲಿ ಚಲನಚಿತ್ರ ವಿಭಾಗದ ಗ್ರ್ಯಾಂಡ್ ಪ್ರೀ ಪ್ರಶಸ್ತಿಯನ್ನು ಇದು ಕ್ಯಾಡ್‌ಬರಿಯ ಗೊರಿಲ್ಲಾ ಜಾಹೀರಾತಿನೊಂದಿಗೆ ಹಂಚಿಕೊಂಡಿತು. ಆದರೆ ನನ್ನ ಮೆಚ್ಚುಗೆಗೆ ಕಾರಣ ಪ್ರಶಸ್ತಿಯಲ್ಲ. ಇದರ ಪ್ರತಿಯೊಂದು ತಾಂತ್ರಿಕ ಆಯ್ಕೆಯೂ ಒಂದೇ ಮೂಲ ಕಲ್ಪನೆಯಿಂದ ಹುಟ್ಟಿದೆ.

ಆ ಕಲ್ಪನೆ ಇಷ್ಟು: ಯುದ್ಧ ಯಾವಾಗಲೋ ಮುಗಿದುಹೋಗಿದೆ. ಮನುಷ್ಯರಿಗೂ ಅನ್ಯಗ್ರಹದ ಸೈನ್ಯಕ್ಕೂ ನಡೆದ ಆ ಕಾಳಗದ ನೆನಪಿಗೆಂದು ದಶಕಗಳ ನಂತರ ಒಂದು ವಸ್ತುಸಂಗ್ರಹಾಲಯದಲ್ಲಿ ಅದರ ಕಿರುಮಾದರಿಯನ್ನು ಕಟ್ಟಿಡಲಾಗಿದೆ. ರೂಪರ್ಟ್ ಸ್ಯಾಂಡರ್ಸ್ ನಿರ್ದೇಶಿಸಿದ ಮುಖ್ಯ ಜಾಹೀರಾತಿನಲ್ಲಿ ಕ್ಯಾಮೆರಾ ಈ ಮಾದರಿಯೊಳಗೆ ನಿಧಾನವಾಗಿ ಸಾಗುತ್ತದೆ. ನ್ಯೂ ಡೀಲ್ ಸ್ಟುಡಿಯೋಸ್ ಇದನ್ನು ಸುಮಾರು 1200 ಚದರಡಿಯಷ್ಟು ಜಾಗದಲ್ಲಿ, ಹನ್ನೆರಡರಲ್ಲಿ ಒಂದು ಪಾಲಿನ ಅಳತೆಯಲ್ಲಿ ನಿಜವಾಗಿಯೇ ಕಟ್ಟಿತ್ತು. ಆರಡಿ ಆಳು ಇಲ್ಲಿ ಆರಿಂಚಿನ ಗೊಂಬೆಯಾಗುತ್ತಾನೆ. ಕಂಪ್ಯೂಟರ್ ಗ್ರಾಫಿಕ್ಸ್‌ನಲ್ಲಿ ಇದನ್ನೆಲ್ಲ ಮಾಡುವುದು ಆ ಹೊತ್ತಿಗೆ ಕಷ್ಟವೇನೂ ಆಗಿರಲಿಲ್ಲ. ಗೇಮೇ ಗ್ರಾಫಿಕ್ಸ್‌ನಿಂದ ಆದದ್ದು. ಆದರೂ ಕೈಯಿಂದ ಕೆತ್ತಿ, ಬಣ್ಣ ಬಳಿದು, ಮಣ್ಣು ಹಾಕಿ ಮಾಡಿದ ಮಾದರಿಯನ್ನೇ ಆರಿಸಿಕೊಂಡದ್ದರಿಂದ ಜಾಹೀರಾತಿಗೆ ಒಂದು ಭಾರ ಬಂದಿದೆ.

ಚಿಕ್ಕ ಮಾದರಿಯನ್ನು ಹತ್ತಿರದಿಂದ ಚಿತ್ರೀಕರಿಸುವುದು ಎಷ್ಟು ಕಷ್ಟವೆಂದು ಸ್ವತಃ ಮಾಡಿ ನೋಡಿದವರಿಗೆ ಗೊತ್ತು. ನಾನೊಮ್ಮೆ ಒಂದು ಕಿರುಚಿತ್ರಕ್ಕಾಗಿ ಊಟದ ಮೇಜಿನ ಮೇಲೆ ಅಂಗೈಯಗಲದ ಗೊಂಬೆಯೊಂದನ್ನು ಇಟ್ಟುಕೊಂಡು ಇಡೀ ರಾತ್ರಿ ಹೆಣಗಿದ್ದೆ. ಗೊಂಬೆಯ ಮೂಗಿಗೆ ಫೋಕಸ್ ಕೂಡಿಸಿದರೆ ಕಿವಿ ಮಸುಕಾಗುತ್ತಿತ್ತು, ಕಿವಿಗೆ ಕೂಡಿಸಿದರೆ ಮೂಗು ಕರಗಿಹೋಗುತ್ತಿತ್ತು. ಲೆನ್ಸ್ ವಸ್ತುವಿಗೆ ಹತ್ತಿರವಾದಷ್ಟೂ ಸ್ಪಷ್ಟವಾಗಿ ಕಾಣುವ ಆಳ ಕಡಿಮೆಯಾಗುತ್ತದೆ, ಅದನ್ನು ಹೆಚ್ಚಿಸಲು ಲೆನ್ಸಿನ ರಂಧ್ರವನ್ನು ಕಿರಿದು ಮಾಡಿದರೆ ಬೆಳಕು ಸಾಲದೆ ಬರುತ್ತದೆ. ಮಾದರಿಗಳನ್ನು ಬಳಸುವ ಸಿನಿಮಾಗಳು ಈ ದೋಷವನ್ನು ಮುಚ್ಚಲು ಹರಸಾಹಸ ಪಡುತ್ತವೆ, ಏಕೆಂದರೆ ಹಿನ್ನೆಲೆ ಮಸುಕಾದ ಕೂಡಲೇ ‘ಇದು ಆಟಿಕೆ’ ಎಂದು ಕಣ್ಣು ಹೇಳಿಬಿಡುತ್ತದೆ. ‘ಬಿಲೀವ್’ ಅದನ್ನು ಮುಚ್ಚುವ ಗೋಜಿಗೆ ಹೋಗುವುದಿಲ್ಲ. ಕಥೆಯೊಳಗೂ ಇದು ಮಾದರಿಯೇ ಆದ್ದರಿಂದ ಮುಂದಿನ ಸೈನಿಕನ ಮುಖ ಸ್ಪಷ್ಟವಾಗಿದ್ದು ಹಿಂದಿನ ಬೆಂಕಿ ಮಸುಕಾಗಿದ್ದರೆ ಅದು ತಪ್ಪಾಗಿ ಕಾಣುವುದಿಲ್ಲ. ಅಷ್ಟೇ ಅಲ್ಲ, ಆ ಮಸುಕು ನಮ್ಮ ಕಣ್ಣನ್ನು ಒಂದೊಂದೇ ಮುಖದ ಮೇಲೆ ನಿಲ್ಲಿಸುತ್ತದೆ. ನನಗೆ ಈ ಜಾಹೀರಾತಿನಲ್ಲಿ ಬಹಳ ಹಿಡಿಸಿದ ಅಂಶ ಇದೇ.

ಆ ಮುಖಗಳ ಬಗ್ಗೆ ಎರಡು ಮಾತು ಹೇಳಲೇಬೇಕು. ಪ್ರತಿ ಗೊಂಬೆಗೂ ಬೇರೆಬೇರೆ ಭಾವ ಕೆತ್ತಿದ್ದಾರೆ: ಬಾಯಿ ತೆರೆದು ಕೂಗುತ್ತಿರುವವರು, ಬಿದ್ದವರ ಪಕ್ಕದಲ್ಲಿ ಕುಸಿದವರು, ಬರುತ್ತಿರುವ ಪೆಟ್ಟನ್ನು ಕಂಡು ಹೆದರಿದವರು. ಗೇಮಿನಲ್ಲಿ ಆಟಗಾರ ವೀರನಾಗಿ ಓಡುವಾಗ ಈ ಸಾಮಾನ್ಯ ಸೈನಿಕರು ಅಕ್ಕಪಕ್ಕದಲ್ಲಿ ಬಿದ್ದುಹೋಗುತ್ತಾರೆ, ಯಾರೂ ನಿಂತು ನೋಡುವುದಿಲ್ಲ. ಇಲ್ಲಿ ಅವರು ಅಲುಗಾಡದೆ ನಿಂತಿರುವುದರಿಂದ ನೋಡದೆ ವಿಧಿಯಿಲ್ಲ. ಗೊಂಬೆಗಳು ಚಲಿಸುವುದಿಲ್ಲವಾದ್ದರಿಂದ ಚಲನೆಯ ಕೆಲಸವೆಲ್ಲ ಕ್ಯಾಮೆರಾದ ಪಾಲಿಗೆ ಬಂದಿದೆ, ಮತ್ತು ಅದು ಎಲ್ಲಿಯೂ ಅವಸರ ಮಾಡುವುದಿಲ್ಲ. ಒಂದು ಶಾಟಿನ ವೇಗವೂ ದಿಕ್ಕೂ ಮುಂದಿನ ಶಾಟಿನೊಳಗೆ ಹರಿದುಬರುವುದರಿಂದ ಒಂದೇ ಉಸಿರಿನಲ್ಲಿ ಇಡೀ ರಣರಂಗವನ್ನು ದಾಟಿದಂತೆ ಅನ್ನಿಸುತ್ತದೆ.

ಹಿನ್ನೆಲೆಗೆ ಬಳಸಿರುವುದು ಹತ್ತೊಂಬತ್ತನೆಯ ಶತಮಾನದ ಸಂಗೀತ ರಚನೆಕಾರ ಶೋಪಾನ್‌ನ ಪಿಯಾನೋ ಕೃತಿ. ‘ಮಳೆಹನಿ’ ಎಂಬ ಅಡ್ಡಹೆಸರಿನಿಂದ ಪ್ರಸಿದ್ಧವಾದ ಪ್ರಿಲ್ಯೂಡ್, ಅಂದರೆ ಒಂದು ಚಿಕ್ಕ ರಚನೆ. ಯುದ್ಧದ ಚಿತ್ರಕ್ಕೆ ಮೃದುವಾದ ಸಂಗೀತ ಹಾಕುವ ತಂತ್ರ ಹಳೆಯದೇ. ಆದರೆ ಈ ಕೃತಿಯಲ್ಲಿ ಮೇಲೆ ರಾಗ ಹರಿಯುತ್ತಿದ್ದಂತೆ ಕೆಳಗೆ ಒಂದೇ ಸ್ವರ ಹನಿಹನಿಯಾಗಿ ಮತ್ತೆ ಮತ್ತೆ ಬೀಳುತ್ತಿರುತ್ತದೆ. ನಮ್ಮ ಲೆಕ್ಕದಲ್ಲಿ ಹೇಳುವುದಾದರೆ ಅದು ಕೃತಿಯ ಷಡ್ಜಕ್ಕೆ ಪಂಚಮ. ತಂಬೂರಿಯಲ್ಲಿ ಮೀಟುವ ಪಂಚಮದಂತೆ ಮೇಲಿನ ರಾಗ ಎಲ್ಲಿಗೆ ಹೋದರೂ ಅದು ತಾನಿದ್ದಲ್ಲೇ ಇರುತ್ತದೆ. ನಿಂತುಹೋದ ಗೊಂಬೆಗಳು, ಅವುಗಳ ಮೇಲೆ ಹರಿದುಹೋಗುವ ಕ್ಯಾಮೆರಾ ಎಂಬ ದೃಶ್ಯದ ರಚನೆಯೇ ಸಂಗೀತದಲ್ಲಿಯೂ ಇದೆ. ಒಮ್ಮೆ ಧ್ವನಿಯನ್ನು ಪೂರ್ತಿ ನಿಲ್ಲಿಸಿ, ಮತ್ತೊಮ್ಮೆ ಹೆಡ್‌ಫೋನ್ ಹಾಕಿಕೊಂಡು ನೋಡಿ. ಎರಡನೆಯ ಸಲ ಕ್ಯಾಮೆರಾವೇ ನಿಧಾನವಾದಂತೆ ಭಾಸವಾಗುತ್ತದೆ.

ಸರಣಿಯ ಉಳಿದ ಚಿತ್ರಗಳಲ್ಲಿ ಗೊಂಬೆಗಳ ಬದಲು ಮನುಷ್ಯರಿದ್ದಾರೆ. ಆ ಯುದ್ಧದಲ್ಲಿ ಹೋರಾಡಿ ಈಗ ಮುದುಕರಾಗಿರುವ ಸೈನಿಕರನ್ನು ಸಾಕ್ಷ್ಯಚಿತ್ರದ ರೀತಿಯಲ್ಲಿ ಮಾತನಾಡಿಸಲಾಗಿದೆ. ಸೆಟ್ಟಿನ ಆಡಂಬರವಿಲ್ಲ, ಸ್ಫೋಟಗಳಿಲ್ಲ. ಮುಖ, ತಡವರಿಸುವ ಮಾತು, ಮಾತಿನ ನಡುವಿನ ಮೌನ ಇವಿಷ್ಟೇ. ಒಂದು ಚಿತ್ರದಲ್ಲಿ ಹಿಂದೊಮ್ಮೆ ಶತ್ರುವಿನದಾಗಿದ್ದ ಆಯುಧ ವೃದ್ಧ ಸೈನಿಕನ ಕೈಗೆ ಬರುತ್ತದೆ. ಆಯುಧ ಕಾಲ್ಪನಿಕ, ಯುದ್ಧ ಕಾಲ್ಪನಿಕ, ಆದರೆ ಅದರ ತೂಕ ಕೈಗೆ ತಾಗಿದಾಗ ಆ ನಟ ತೋರಿಸುವ ಹಿಂಜರಿಕೆಯಲ್ಲಿ ಸುಳ್ಳಿಲ್ಲ. ಸಂದರ್ಶನದಲ್ಲಿ ಸಂಕಲನಕಾರರು ಸಾಮಾನ್ಯವಾಗಿ ಕತ್ತರಿಸಿ ಬಿಸಾಡುವ ಖಾಲಿ ಕ್ಷಣಗಳನ್ನು ಇಲ್ಲಿ ಉಳಿಸಿಕೊಂಡಿದ್ದಾರೆ, ಮತ್ತು ನಂಬಿಕೆ ಹುಟ್ಟುವುದು ಆ ಕ್ಷಣಗಳಿಂದಲೇ.

ಇನ್ನು ನನ್ನ ತಕರಾರು. ಮುಖ್ಯ ಜಾಹೀರಾತಿನ ಕೊನೆಗೆ ಕ್ಯಾಮೆರಾ ಗೇಮಿನ ನಾಯಕ ಮಾಸ್ಟರ್ ಚೀಫ್‌ನ ಬಳಿ ಬರುತ್ತದೆ. ದೈತ್ಯ ಶತ್ರುವೊಬ್ಬ ಅವನನ್ನು ಎತ್ತಿ ಹಿಡಿದಿದ್ದಾನೆ, ತಲೆ ಜೋತುಬಿದ್ದಿದೆ, ಸತ್ತನೆಂದೇ ತೋರುತ್ತದೆ. ಆಗ ಆ ತಲೆ ಮೇಲೇಳುತ್ತದೆ. ಇಡೀ ಚಿತ್ರದಲ್ಲಿ ಅಲುಗುವ ಆಕೃತಿ ಅದೊಂದೇ ಆದ್ದರಿಂದ ಮೈ ಜುಮ್ಮೆನ್ನುತ್ತದೆ, ನಿಜ. ಆದರೆ ಅಲ್ಲಿಯವರೆಗೆ ಸ್ಮಾರಕವೆಂದು ನಂಬಿಸಿದ ಮಾದರಿ ಒಮ್ಮೆಲೇ ಯುದ್ಧಭೂಮಿಯಾಗುತ್ತದೆ. ಹೆಸರಿಲ್ಲದ ಅಷ್ಟೊಂದು ಮುಖಗಳಿಗೆ ಸಿಕ್ಕಿದ್ದ ಗೌರವ ಮತ್ತೆ ಒಬ್ಬ ವೀರನ ಕಡೆಗೆ ಸರಿಯುತ್ತದೆ. ತಲೆ ಬಾಗಿದ್ದಂತೆಯೇ ಚಿತ್ರ ಕಪ್ಪಾಗಿದ್ದರೆ ಇನ್ನೂ ಬಲವಾಗಿರುತ್ತಿತ್ತು ಎಂಬುದು ನನ್ನ ಅಭಿಪ್ರಾಯ. ಮಾರಬೇಕಾಗಿದ್ದ ಸರಕು ಆ ವೀರನ ಆಟವೇ ಆಗಿದ್ದರಿಂದ ಹಾಗೆ ಮಾಡಲು ಅವರಿಗೆ ಅವಕಾಶವಿತ್ತೋ ಇಲ್ಲವೋ ಎಂಬುದು ಬೇರೆ ಮಾತು.

ಗೇಮ್ ಕೊಳ್ಳುವವರ ದೃಷ್ಟಿಯಿಂದ ಇನ್ನೊಂದು ಕೊರತೆಯನ್ನೂ ಹೇಳಬೇಕು: ಆಟ ಹೇಗಿದೆ, ಕೈಗೆ ಹೇಗೆ ಒಗ್ಗುತ್ತದೆ ಎಂಬುದರ ಬಗ್ಗೆ ಇಲ್ಲಿ ಒಂದು ಸುಳಿವೂ ಸಿಗುವುದಿಲ್ಲ. ಮಾದರಿಯಲ್ಲಿ ಕಾಣುವ ಆ ಸನ್ನಿವೇಶವೂ ಗೇಮಿನಲ್ಲಿಲ್ಲ. ಜಾಹೀರಾತಿನ ವಿಷಾದವನ್ನು ನಿರೀಕ್ಷಿಸಿ ಕೊಂಡವರಿಗೆ ವೇಗದ ಗುಂಡಿನ ಕಾಳಗ ಎದುರಾಗುತ್ತದೆ.

ಎರಡು ವರ್ಷಗಳ ನಂತರ, 2009ರಲ್ಲಿ, ‘ಹೇಲೋ 3: ಒಡಿಎಸ್‌ಟಿ’ ಎಂಬ ಇದೇ ಸಾಲಿನ ಇನ್ನೊಂದು ಗೇಮಿಗಾಗಿ ಇದೇ ಸ್ಯಾಂಡರ್ಸ್ ಹಂಗೇರಿಯಲ್ಲಿ ನಟರನ್ನಿಟ್ಟು ಚಿತ್ರೀಕರಿಸಿದ ಜಾಹೀರಾತನ್ನು ಇದರ ಜೊತೆಗೆ ನೋಡುವುದು ಒಳ್ಳೆಯದು. ಅದು ಪೂರ್ತಿ ತದ್ವಿರುದ್ಧ. ಇಲ್ಲಿ ಒಂದೇ ಕ್ಷಣವನ್ನು ಹಿಗ್ಗಿಸಿದ್ದರೆ, ಅಲ್ಲಿ ಒಂದು ಅಂತ್ಯಸಂಸ್ಕಾರದಿಂದ ಆರಂಭಿಸಿ ತರಬೇತಿ, ಕಾಳಗ, ಗಾಯಗಳನ್ನು ದಾಟುತ್ತಾ ಒಬ್ಬ ಸೈನಿಕನ ವರ್ಷಗಳನ್ನೆಲ್ಲ ಸುಮಾರು ಎರಡೂವರೆ ನಿಮಿಷದೊಳಗೆ ಹಿಡಿದಿಟ್ಟಿದ್ದಾರೆ. ಅದರಲ್ಲಿ ಕೆಸರು, ಹೊಗೆ, ಮೈಮೇಲಿನ ಕವಚದ ಗೀರುಗಳು ಎಲ್ಲವೂ ಚೆನ್ನಾಗಿವೆ. ಆದರೂ ಮುಗಿದ ಮೇಲೆ ನಾನು ಹಿಂತಿರುಗಿ ಹುಡುಕಿದ್ದು ‘ಬಿಲೀವ್’ನ ಮಾದರಿಯಲ್ಲಿ ಅರೆಕ್ಷಣ ಹಾದುಹೋಗುವ, ಬಾಯಿ ತೆರೆದು ನಿಂತ, ಆರಿಂಚಿನ ಒಬ್ಬ ಸೈನಿಕನ ಮುಖವನ್ನು.