ಬೀದರ್‌ನಿಂದ ನಳದುರ್ಗಕ್ಕೆ ಬಾಡಿಗೆ ಕಾರು: ಗಾಡಿ ಸಾಧಾರಣ, ಡ್ರೈವರ್ ಬಂಗಾರ

ಬೀದರ್ ಬಸ್ ಸ್ಟ್ಯಾಂಡ್ ಕಡೆಯ ಒಂದು ಸಣ್ಣ ಟ್ರಾವೆಲ್ಸ್‌ನಿಂದ ಎರ್ಟಿಗಾ ತಗೊಂಡು ಒಂದು ದಿನ ಸುತ್ತಿ ಬಂದೆವು. ನಾವು ಹೋದ ದಾರಿ ಅವರ ಬೋರ್ಡ್ ಮೇಲೆ ಇಲ್ಲ. ಅಲ್ಲಿ ಇರುವುದು ತಿರುಪತಿ, ಶಿರಡಿ, ಪಂಢರಪುರ, ಹೈದರಾಬಾದ್ ಏರ್‌ಪೋರ್ಟ್. "1948ರಲ್ಲಿ ಮಿಲಿಟರಿ ಬಂದ ರೋಡ್ ನೋಡ್ಬೇಕು" ಅಂದೆ. ಮಾಲೀಕರು ಸ್ವಲ್ಪ ಹೊತ್ತು ನನ್ನ ಮುಖ ನೋಡಿದರು. "ಕಿಲೋಮೀಟರ್ ಲೆಕ್ಕಾರಿ ನಮ್ದು, ಎಲ್ಲಿ ಬೇಕಾದ್ರೂ ಹೋಗ್ರಿ" ಅಂದರು.

ನಾನು ಆರ್ಮಿ ಸರ್ವಿಸ್ ಕೋರ್‌ನಲ್ಲಿ ಮೇಜರ್ ಆಗಿ ನಿವೃತ್ತನಾದವನು. ಗುಂಡು ಹಾರಿಸುವವರಿಗೆ ಹಿಟ್ಟು, ಬೇಳೆ, ಡೀಸೆಲ್ ಮುಟ್ಟಿಸುವುದು ನಮ್ಮ ಕೆಲಸ. ಹಾಗಾಗಿ ಯಾರಾದರೂ ಯುದ್ಧದ ಕಥೆ ಶುರು ಮಾಡಿದರೆ ನನಗೆ ಮೊದಲು ಬರುವ ಯೋಚನೆ, ಲಾರಿಗಳು ಯಾವ ದಾರಿಯಲ್ಲಿ ಬಂದವು ಅಂತ. 1948ರಲ್ಲಿ ನಿಜಾಮರ ಹೈದರಾಬಾದ್ ಸಂಸ್ಥಾನವನ್ನು ಭಾರತಕ್ಕೆ ಸೇರಿಸಿದ ಸೇನಾ ಕಾರ್ಯಾಚರಣೆಗೆ ಜನ ಪೊಲೀಸ್ ಆ್ಯಕ್ಷನ್ ಅಂತಾರೆ; ನಮ್ಮ ಭಾಗದಲ್ಲಿ ಅದರ ಬಗ್ಗೆ ಮಾತಾಡದ ಮನೆ ಇಲ್ಲ. ಆದರೆ ಆ ರಸ್ತೆಯನ್ನು ರಸ್ತೆ ಅಂತ ನೋಡಿದವರು ಕಮ್ಮಿ.

ಹೋಗುವವರಿಗೆ ಒಂದು ಮಾತು. ಸೈನ್ಯದ ಮುಖ್ಯ ಪಡೆ ಬಂದದ್ದು ಸೊಲ್ಲಾಪುರದ ಕಡೆಯಿಂದ. ಬೀದರ್‌ನಿಂದ ಹೊರಟು ದಾರಿಯುದ್ದಕ್ಕೂ ಇಳಿದು ನೋಡುತ್ತಾ ಹೋದರೆ ಕಥೆ ಉಲ್ಟಾ ಓದಿದ ಹಾಗಾಗುತ್ತದೆ. ಬೆಳಗ್ಗೆ ಐದಕ್ಕೇ ಹೊರಟು ಎಲ್ಲೂ ನಿಲ್ಲದೆ ಸೀದಾ ಮಹಾರಾಷ್ಟ್ರದ ನಳದುರ್ಗ ಮುಟ್ಟಿ. ನೋಡುವುದೆಲ್ಲ ವಾಪಸ್ ಬರುವಾಗ. ಇದನ್ನು ಡ್ರೈವರ್‌ಗೆ ಒಮ್ಮೆ ಹೇಳಿದ್ದಷ್ಟೇ, ಎರಡನೇ ಸಲ ಹೇಳಬೇಕಾಗಲಿಲ್ಲ. ಐದಕ್ಕೆ ಹತ್ತು ನಿಮಿಷ ಇರುವಾಗಲೇ ಮನೆ ಮುಂದೆ ಗಾಡಿ ನಿಂತಿತ್ತು. ನನ್ನ ಸರ್ವಿಸ್‌ನಲ್ಲಿ ಇಷ್ಟು ಟೈಮ್ ಪಾಲಿಸಿದ ಕಾನ್ವಾಯ್ ಕಮಾಂಡರ್‌ಗಳು ಬಹಳ ಜನ ಸಿಗಲಿಲ್ಲ.

ನಳದುರ್ಗದ ಕೋಟೆಗೆ ಜನ ಬರುವುದು ಪಾಣಿ ಮಹಲ್ ನೋಡಲು. ನನ್ನ ಹೆಂಡತಿ ಬಂದದ್ದೂ ಅದಕ್ಕೇ. ಬೋರಿ ನದಿಗೆ ಅಡ್ಡವಾಗಿ ಕಟ್ಟಿದ ಒಡ್ಡು, ಅದರ ಹೊಟ್ಟೆಯಲ್ಲಿ ಕೋಣೆಗಳು, ಮಳೆಗಾಲದಲ್ಲಿ ಮೇಲಿಂದ ಧುಮ್ಮಿಕ್ಕುವ ನೀರು. ಚೆನ್ನಾಗಿದೆ, ನೋಡಿ. ನಾನು ಮಾತ್ರ ನದಿಯನ್ನೇ ನೋಡುತ್ತಾ ನಿಂತೆ. 1948ರ ಸೆಪ್ಟೆಂಬರ್ 13ರ ಬೆಳಗಿನ ಜಾವ ಎಲ್ಲವೂ ಅವಲಂಬಿಸಿದ್ದು ಈ ಬೋರಿಯ ಸೇತುವೆಯನ್ನು. ಅದು ಉರುಳುವ ಮೊದಲೇ ಭಾರತೀಯ ಸೇನೆಯ 7ನೇ ಬ್ರಿಗೇಡ್ ಹಠಾತ್ತಾಗಿ ಬಂದು ಹಿಡಿಯಿತು. ನಿಜಾಮರ 1ನೇ ಹೈದರಾಬಾದ್ ಇನ್‌ಫೆಂಟ್ರಿ ಇಲ್ಲಿ ಕಾವಲಿತ್ತು. ಅವರ ಮೇಲೆ 2ನೇ ಸಿಖ್ ಪಡೆ ಬಿದ್ದಿತು. ಒಂಬತ್ತು ಗಂಟೆಗೆಲ್ಲ ಟ್ಯಾಂಕುಗಳು ಜಳಕೋಟ್‌ನಲ್ಲಿದ್ದವು. ಮಧ್ಯಾಹ್ನ ಮೂರೂಕಾಲಿಗೆ ಉಮರ್ಗಾ. ಗಡಿ ದಾಟಿ 61 ಕಿಲೋಮೀಟರ್, ಒಂದೇ ದಿನದಲ್ಲಿ!

ಸೇತುವೆ ಒಡೆದಿದ್ದರೆ ಏನಾಗುತ್ತಿತ್ತು ಅಂತ ಡ್ರೈವರ್‌ಗೆ ಹೇಳುತ್ತಿದ್ದೆ. ಅವನು ರಸ್ತೆ ಪಕ್ಕದ ಕಪ್ಪು ಮಣ್ಣಿನ ಹೊಲ ತೋರಿಸಿದ. "ಈ ಎರಿ ಮಣ್ಣಾಗ ಮಳಿ ಬಿದ್ರ ಟ್ರ್ಯಾಕ್ಟರ್ ಸೈತ ಹುಗೀತಾವ್ರಿ ಸರ." ಕ್ಲಾಸಿನಲ್ಲಿ ಅರ್ಧ ದಿನ ಪಾಠ ಮಾಡಿ ಹೇಳುವುದನ್ನು ಹುಡುಗ ಒಂದೇ ಮಾತಿನಲ್ಲಿ ಮುಗಿಸಿದ. ಟ್ಯಾಂಕಿಗೆ ಪಟ್ಟಿ ಚಕ್ರ ಇದೆ, ಹೇಗೋ ಒದ್ದಾಡಿ ದಾಟೀತು. ಅದರ ಹಿಂದೆ ಪೆಟ್ರೋಲ್ ಹೊತ್ತು ಬರುವ ಲಾರಿ? ಸೆಪ್ಟೆಂಬರ್‌ನಲ್ಲಿ ನಮ್ಮ ಎರಿ ಹೊಲಕ್ಕೆ ಇಳಿದರೆ ಆ್ಯಕ್ಸಲ್ ತನಕ ಹೂತು ಹೋಗುತ್ತದೆ. ಅಂದರೆ ಈ ಕಡೆಯಿಂದ ಬಂದ ಪಡೆಗೆ ನಂಬಿಕೊಳ್ಳಲು ಇದ್ದದ್ದು ಈ ರಸ್ತೆಯೇ. ರಸ್ತೆ ಒಂದೇ ಆದರೆ ಎದುರಾಳಿಗೂ ಗೊತ್ತು, ಎಲ್ಲಿ ಹೊಂಚು ಹಾಕಿ ಕೂರಬೇಕು ಅಂತ. 14ರಂದು ಉಮರ್ಗಾದಿಂದ ರಾಜೇಶ್ವರಕ್ಕೆ 48 ಕಿಲೋಮೀಟರ್ ಬರುವಾಗ ಟೆಂಪೆಸ್ಟ್ ವಿಮಾನಗಳನ್ನು ಕರೆಸಿದ್ದು ಅದಕ್ಕೇ. ದಾರಿಯ ಪಕ್ಕ ಕಂದಕ ತೋಡಿ ಕೂತವರನ್ನು ಮೇಲಿಂದ ಎಬ್ಬಿಸಿದ ಮೇಲೆ ಕೆಳಗಿನವರು ಮುಂದೆ ಬಂದರು.

ಈಗ ಅದೇ ದಾರಿಯಲ್ಲಿ ನಾಲ್ಕು ಪಥದ ಹೆದ್ದಾರಿ ಇದೆ, ಸುಮ್ನೆ ಕೂತರೆ ಏನೂ ತಿಳಿಯುವುದಿಲ್ಲ. ಈ ಡ್ರೈವರ್‌ನ ಬೆಲೆ ಗೊತ್ತಾಗುವುದು ಇಲ್ಲೇ. ಊರು ಬಂದಾಗಲೆಲ್ಲ ಹಳೇ ರಸ್ತೆಗೆ ಇಳಿಸಿ ನಿಧಾನ ಮಾಡುತ್ತಿದ್ದ. ಹಳ್ಳ ಬಂದರೆ, "ಇಲ್ಲಿ ನಿಂದ್ರಸ್ಲೇನ್ರಿ?" ಅಂತ ತಾನೇ ಕೇಳುತ್ತಿದ್ದ. ಒಂದು ಸಲವೂ ವಾಚ್ ನೋಡಲಿಲ್ಲ, ಮೊಬೈಲಂತೂ ಮುಟ್ಟಲೇ ಇಲ್ಲ.

ರಾಜೇಶ್ವರದಲ್ಲಿ ಊಟ. ಬಿಸಿ ರೊಟ್ಟಿ, ಪುಂಡಿ ಪಲ್ಯ, ಶೇಂಗಾ ಹಿಂಡಿ. ಅಲ್ಲಿ ಡ್ರೈವರ್ ಕೇಳಿದ, "ಇದಕ್ಕೆಲ್ಲ ಸಾಹೇಬ್ರು ಯಾರಿದ್ರು?" ಮೇಜರ್ ಜನರಲ್ ಜೆ.ಎನ್. ಚೌಧುರಿ ಅಂದೆ. ಹುಟ್ಟಿದ್ದು 1908ರಲ್ಲಿ. ಓದಿದ್ದು ಇಂಗ್ಲೆಂಡಿನ ಸ್ಯಾಂಡ್‌ಹರ್ಸ್ಟ್‌ನಲ್ಲಿ. ಬರ್ಮಾದ ಯುದ್ಧದಲ್ಲಿ 16ನೇ ಲೈಟ್ ಕ್ಯಾವಲ್ರಿ ನಡೆಸಿದವರು. ಇಲ್ಲಿಗೆ ಬರುವಾಗ 1ನೇ ಆರ್ಮರ್ಡ್ ಡಿವಿಜನ್ ಅವರ ಕೈಯಲ್ಲಿತ್ತು. 1962ರಲ್ಲಿ ಚೀನಾ ಯುದ್ಧದ ಕೊನೆಗೆ ಸೇನಾ ಮುಖ್ಯಸ್ಥರಾದರು. 1965ರ ಪಾಕಿಸ್ತಾನ ಯುದ್ಧ ನಡೆದದ್ದೂ ಅವರ ಕಾಲದಲ್ಲೇ. ಆದರೆ ನನ್ನ ಕಣ್ಣಿಗೆ ಅವರ ಅತಿ ಕಷ್ಟದ ಪೋಸ್ಟಿಂಗ್ ಶುರುವಾದದ್ದು ಗುಂಡಿನ ಸದ್ದು ನಿಂತ ಮೇಲೆ. 1948ರ ಸೆಪ್ಟೆಂಬರ್ 18ರಂದು ನಿಜಾಮರ ಸೇನಾಪತಿ ಎಲ್ ಎದ್ರೂಸ್ ಬಂದು ಚೌಧುರಿಯವರಿಗೆ ಶರಣಾದರು. ಚೌಧುರಿ ಹೈದರಾಬಾದಿನ ಮಿಲಿಟರಿ ಗವರ್ನರ್ ಆಗಿ 1949ರ ಕೊನೆಯವರೆಗೆ ಉಳಿದರು.

ಗುಂಡಿನ ಸದ್ದು ನಿಂತ ಮೇಲಿನ ಮಾತು ಬಂದಾಗ ಗಾಡಿಯಲ್ಲಿ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಡ್ರೈವರ್ ಮುಸ್ಲಿಂ ಹುಡುಗ. ಬಸವಕಲ್ಯಾಣ ತಾಲ್ಲೂಕಿನ ಗೋರಟಾದಲ್ಲಿ ರಜಾಕಾರರು, ಅಂದರೆ ನಿಜಾಮರ ಪರದ ಸಶಸ್ತ್ರ ಗುಂಪಿನವರು, ನಡೆಸಿದ ಹತ್ಯಾಕಾಂಡ ಅವನಿಗೆ ಗೊತ್ತು, ಬೇಕಾದರೆ ಅಲ್ಲಿಗೂ ಕರ್ಕೊಂಡು ಹೋಗ್ತೀನಿ ಅಂದ. ಆಮೇಲೆ ತನ್ನ ಅಜ್ಜಿ ಆ ವರ್ಷ ಹೊಲ ಮನೆ ಬಿಟ್ಟು ಓಡಿ ಬಂದದ್ದನ್ನೂ ಹೇಳಿದ. ಪೊಲೀಸ್ ಆ್ಯಕ್ಷನ್ ಹೊತ್ತಿನಲ್ಲಿ ಮತ್ತು ಆಮೇಲೆ ಮುಸ್ಲಿಮರ ಮೇಲೆ ನಡೆದ ಹಿಂಸೆ ನೋಡಿ ಬರಲು ಸರ್ಕಾರ ಕಳಿಸಿದ ಸುಂದರಲಾಲ್ ಸಮಿತಿಯ ವರದಿಯಲ್ಲಿ ಅತಿ ಹೆಚ್ಚು ಹಾನಿಯಾದ ನಾಲ್ಕು ಜಿಲ್ಲೆ ಅಂತ ಇರುವುದು ಉಸ್ಮಾನಾಬಾದ್, ಗುಲಬರ್ಗಾ, ಬೀದರ್, ನಾಂದೇಡ್. ಸತ್ತವರು 27 ಸಾವಿರದಿಂದ 40 ಸಾವಿರ ಅಂತ ಅಂದಾಜು. ರಸ್ತೆ ಗೆದ್ದ ಸೈನ್ಯಕ್ಕೆ ರಸ್ತೆಯಿಂದ ದೂರದ ಹಳ್ಳಿಗಳನ್ನು ಕಾಯಲು ಆಗಲಿಲ್ಲ. ಕೆಲವು ಕಡೆ ಸಮವಸ್ತ್ರದವರ ಮೇಲೂ ಆ ವರದಿ ಬೆರಳು ಮಾಡಿದೆ. ಫೌಜಿಯಾಗಿ ಇದನ್ನು ಬಿಟ್ಟು ಹೇಳಲು ನನಗೆ ಮನಸ್ಸಿಲ್ಲ.

ಬರುವಾಗ ಹುಮನಾಬಾದ್‌ನಿಂದ ಬೀದರ್‌ಗೆ ತಿರುಗಬೇಡಿ, ಜಹೀರಾಬಾದ್ ಮೇಲೆ ಬನ್ನಿ. 16ರಂದು ಆ ಕಡೆ ನೆಲದಲ್ಲಿ ಹುಗಿದಿದ್ದ ಮೈನ್ ತೆಗೆಯುತ್ತಾ ಪಡೆಗೆ ತಡವಾಯಿತು. ಬೀದರ್ ರಸ್ತೆ ಕೂಡುವ ಕಡೆ ಮತ್ತೆ ಗುಂಡಿನ ದಾಳಿ. ಸ್ವಲ್ಪ ಜನರನ್ನು ಅಲ್ಲೇ ಬಿಟ್ಟು ಉಳಿದವರು ಮುಂದೆ ಹೋದರು. 17ರ ನಸುಕಿನಲ್ಲಿ ಬೀದರ್‌ಗೆ ಸೈನ್ಯ ಬಂತು.

ಇನ್ನು ದೂರುಗಳು. ಹಿಂದಿನ ಸೀಟಿಗೆ ಎಸಿ ಗಾಳಿ ಬರುವುದೇ ಇಲ್ಲ. ಕಿಲೋಮೀಟರ್‌ಗೆ 14 ರೂಪಾಯಿ, ಡ್ರೈವರ್ ಭತ್ಯೆ 400 ಅಂತ ಮೊದಲೇ ಹೇಳಿದ್ದರು. ಟೋಲ್ ಮತ್ತು ಮಹಾರಾಷ್ಟ್ರ, ತೆಲಂಗಾಣದ ಪರ್ಮಿಟ್ ಖರ್ಚು ಮಾತ್ರ ಬಿಲ್ಲಿನಲ್ಲಿ ನೋಡಿಯೇ ಗೊತ್ತಾದದ್ದು. ಕೇಳಿದರೆ, "ಎಲ್ಲಾರಿಗೂ ಗೊತ್ತಿರ್ತದಲ್ರೀ" ಅಂದರು. ಗೊತ್ತಿರಲ್ಲ ಸ್ವಾಮಿ, ಬರೆದು ಕೊಡಿ. ಸುತ್ತು ಮುನ್ನೂರು ಕಿಲೋಮೀಟರ್ ದಾಟುತ್ತದೆ, ಮೂರು ನಾಲ್ಕು ಜನ ಹಂಚಿಕೊಂಡರೆ ಜಾಸ್ತಿ ಅನಿಸಲ್ಲ.

ಗಾಡಿಗೆ ಐದರಲ್ಲಿ ಮೂರು, ಡ್ರೈವರ್‌ಗೆ ಐದಕ್ಕೆ ಐದು. ಬುಕ್ ಮಾಡುವಾಗ ನಳದುರ್ಗದ ದಾರಿ ಗೊತ್ತಿರುವ ಹುಡುಗನೇ ಬೇಕು ಅಂತ ಕೇಳಿ. ಮಳೆಗಾಲದಲ್ಲೇ ಹೋಗಿ, ಎರಿ ಹೊಲ ಒಣಗಿದ ಮೇಲೆ ಹೋದರೆ ಅರ್ಧ ವಿಷಯ ಕಾಣುವುದಿಲ್ಲ.