ಪ್ರಯಾಸ್ ಅನುದಾನ: ಅಡಿಕೆ ಒಲೆಗಾಗಿ ಅರ್ಜಿ ಹಾಕಿದವನ ಅನುಭವ

ಕೇಂದ್ರ ಸರ್ಕಾರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಯು 2016ರಲ್ಲಿ ಆರಂಭಿಸಿದ ನಿಧಿ ಕಾರ್ಯಕ್ರಮದ ಅಡಿಯಲ್ಲಿ ಪ್ರಯಾಸ್ ಎಂಬ ಯೋಜನೆಯಿದೆ. ಹೊಸ ಸಾಧನವೊಂದರ ಯೋಚನೆ ಇದ್ದವರು ಅದರ ಮಾದರಿಯನ್ನು ತಯಾರಿಸಿಕೊಳ್ಳಲು ಗರಿಷ್ಠ 10 ಲಕ್ಷ ರೂಪಾಯಿಗಳ ಅನುದಾನವೂ 18 ತಿಂಗಳ ಕಾಲಾವಕಾಶವೂ ಇದರಲ್ಲಿ ಸಿಗುತ್ತವೆ. ಹಿಂದಿಯಲ್ಲಿ ಪ್ರಯಾಸವೆಂದರೆ ಪ್ರಯತ್ನ. ಕನ್ನಡದಲ್ಲಿ ಅದರ ಅರ್ಥ ಏನೆಂಬುದು ಎಲ್ಲರಿಗೂ ಗೊತ್ತು. ಎರಡು ಸಲ ಅರ್ಜಿ ಹಾಕಿದ ನನಗೆ ಎರಡು ಅರ್ಥಗಳೂ ಸರಿಯೆನಿಸಿವೆ. ಐದಕ್ಕೆ ಅಂಕ ಕೊಡುವುದಾದರೆ ಮೂರೂವರೆ ಕೊಡುತ್ತೇನೆ.

ಶಿರಸಿ ಸೀಮೆಯಲ್ಲಿ ನನ್ನದೊಂದು ಸಣ್ಣ ವೆಲ್ಡಿಂಗ್ ವರ್ಕ್‌ಶಾಪ್ ಇದೆ. ಸುಲಿದ ಹಸಿ ಅಡಿಕೆಯನ್ನು ಬೇಯಿಸಲು ನಮ್ಮ ಕಡೆ ಅಂಗಳದಲ್ಲಿ ಹೂಡುವ ದೊಡ್ಡ ಒಲೆಗೆ ಸುಗ್ಗಿಯುದ್ದಕ್ಕೂ ಎಷ್ಟು ಕಟ್ಟಿಗೆ ಒಟ್ಟಿದರೂ ಸಾಲದು. ಒಲೆಯ ತಳಕ್ಕೆ ಕಬ್ಬಿಣದ ಜಾಲರಿ, ಗಾಳಿಯನ್ನು ಹಿಡಿತದಲ್ಲಿಡಲು ಒಂದು ಬಾಗಿಲು, ಹೊರಹೋಗುವ ಹೊಗೆಯ ಶಾಖದಲ್ಲಿಯೇ ಮುಂದಿನ ಹಂಡೆಯ ನೀರು ಬಿಸಿಯಾಗುವಂತೆ ಒಂದು ಸುತ್ತುದಾರಿ: ಇಷ್ಟೇ ನನ್ನ ಆವಿಷ್ಕಾರ. ಮೊದಲನೆಯ ಅರ್ಜಿಯಲ್ಲಿ ನಾನು ಧೈರ್ಯವಾಗಿ ‘ಕಟ್ಟಿಗೆ ಅರ್ಧಕ್ಕರ್ಧ ಉಳಿಯುತ್ತದೆ’ ಎಂದು ಬರೆದಿದ್ದೆ. ಸಂದರ್ಶನದಲ್ಲಿ ಸಮಿತಿಯ ಹಿರಿಯರೊಬ್ಬರು ‘ಯಾವುದರ ಅರ್ಧ?’ ಎಂದು ಕೇಳಿದರು. ನನ್ನಲ್ಲಿ ಉತ್ತರವಿರಲಿಲ್ಲ. ಅರ್ಜಿ ಅಲ್ಲಿಗೆ ಮುಗಿಯಿತು.

ಇಡೀ ಪ್ರಕ್ರಿಯೆಯಲ್ಲಿ ನನಗೆ ನಿಜವಾಗಿ ಉಪಯೋಗವಾದದ್ದು ಈ ಪ್ರಶ್ನೆ. ಊರಿಗೆ ಮರಳಿ, ಅಡಿಕೆ ತೂಗುವ ತಕ್ಕಡಿಯಲ್ಲಿ ಕಟ್ಟಿಗೆಯನ್ನು ತೂಗತೊಡಗಿದಾಗ ಮನೆಯವರೆಲ್ಲ ನಕ್ಕರು. ನೂರು ಲೀಟರ್ ನೀರನ್ನು 25 ಡಿಗ್ರಿಯಿಂದ ಕುದಿಯುವವರೆಗೆ ಕಾಯಿಸಲು 7,500 ಕಿಲೋ ಕ್ಯಾಲೊರಿ ಶಾಖ ಬೇಕು; ಚೆನ್ನಾಗಿ ಒಣಗಿದ ಕಟ್ಟಿಗೆಯ ಒಂದು ಕಿಲೋದಲ್ಲಿ ಸುಮಾರು 4,000 ಕಿಲೋ ಕ್ಯಾಲೊರಿ ಇರುವುದರಿಂದ, ಶಾಖವೆಲ್ಲ ಹಂಡೆಗೇ ತಾಗುವುದಾದರೆ ಎರಡು ಕಿಲೋ ಕಟ್ಟಿಗೆ ಧಾರಾಳವಾಯಿತು. ನಮ್ಮ ಹಳೆಯ ಒಲೆ ಅದೇ ಕೆಲಸಕ್ಕೆ 19 ಕಿಲೋ ತಿಂದಿತು, ಹೊಸದು 11 ಕಿಲೋ. ಉಳಿತಾಯ ಶೇಕಡ 42, ಅರ್ಧಕ್ಕರ್ಧವಲ್ಲ. ಹಸಿ ಕಟ್ಟಿಗೆ ಹಾಕಿದ ದಿನ ಈ ಲೆಕ್ಕವೂ ತಲೆಕೆಳಗಾಯಿತು. ಎರಡನೆಯ ಅರ್ಜಿಯಲ್ಲಿ ಇದನ್ನೆಲ್ಲ, ತಲೆಕೆಳಗಾದ ದಿನವನ್ನೂ ಸೇರಿಸಿ, ಹಾಗೆಯೇ ಬರೆದೆ. ಈ ಸಲ ಸಮಿತಿಯವರು ಕೇಳಿದ್ದು ಭಾರತೀಯ ವಿಜ್ಞಾನ ಸಂಸ್ಥೆಯ ಅಸ್ತ್ರ ಒಲೆಗಿಂತ ಇದು ಹೇಗೆ ಬೇರೆ ಎಂಬುದನ್ನು. ಮೂರು ಪಾತ್ರೆಗಳ ಅಸ್ತ್ರ ಒಲೆಯನ್ನು ರೂಪಿಸಿದ್ದು ಮನೆಯ ಅಡುಗೆಗೆ, ನನ್ನದು ವರ್ಷದಲ್ಲಿ ಕೆಲವೇ ತಿಂಗಳು ಉರಿಯುವ ದೊಡ್ಡ ಹಂಡೆಗೆ ಎಂದು ವಿವರಿಸಿದೆ. ಅದಕ್ಕೆ ಒಪ್ಪಿದರು.

ಅರ್ಜಿ ಹಾಕುವವರು ತಿಳಿದಿರಬೇಕಾದ ಸಂಗತಿಗಳು ಕೆಲವಿವೆ. ಈ ಹಣ ಇಲಾಖೆಯಿಂದ ನೇರವಾಗಿ ಬರುವುದಿಲ್ಲ. ಪ್ರಯಾಸ್ ಕೇಂದ್ರಗಳೆಂದು ಗುರುತಿಸಲಾದ ಇನ್‌ಕ್ಯುಬೇಟರ್‌ಗಳ, ಅಂದರೆ ಹೊಸ ಉದ್ಯಮಗಳಿಗೆ ಆಸರೆ ಕೊಡುವ ಸಂಸ್ಥೆಗಳ, ಮೂಲಕ ಬರುತ್ತದೆ. ಬರಿಯ ಸಾಫ್ಟ್‌ವೇರ್‌ಗೆ ಇಲ್ಲಿ ಅವಕಾಶವಿಲ್ಲ, ಕೈಯಲ್ಲಿ ಮುಟ್ಟಿ ನೋಡುವಂಥ ವಸ್ತುವೊಂದು ಇರಲೇಬೇಕು. ಕಂಪನಿ ಕಟ್ಟಿಕೊಂಡವರಿಗೆ ರಾಜ್ಯ ಸರ್ಕಾರದ ಎಲಿವೇಟ್ ಯೋಜನೆಯಲ್ಲಿ 50 ಲಕ್ಷದವರೆಗೆ ಅನುದಾನವುಂಟು, ಆದರೆ ಒಂಟಿಯಾಗಿ ಕೆಲಸ ಮಾಡುವ ನನ್ನಂಥವರಿಗೆ ಪ್ರಯಾಸ್ ವಾಸಿ. ಪೇಟೆಂಟಿನ ಆಸೆಯಿದ್ದರೆ ಯಂತ್ರವನ್ನು ಕೃಷಿಮೇಳದಲ್ಲಿ ಪ್ರದರ್ಶನಕ್ಕಿಡುವ ಮೊದಲೇ ಆವಿಷ್ಕಾರದ ತಾತ್ಕಾಲಿಕ ವಿವರಣೆಯನ್ನಾದರೂ ಪೇಟೆಂಟ್ ಕಚೇರಿಗೆ ಸಲ್ಲಿಸಿರಬೇಕು. ಆಮೇಲೆ ಪೂರ್ಣ ವಿವರಣೆಗೆ 12 ತಿಂಗಳ ಸಮಯ ಸಿಗುತ್ತದೆ. ಎಲ್ಲರೆದುರು ತೋರಿಸಿಬಿಟ್ಟ ಮೇಲೆ ಅದು ಹೊಸದೆಂದು ಸಾಧಿಸುವುದು ಬಹಳ ಕಷ್ಟ.

ನನ್ನ ದೂರೆಲ್ಲ ಹಣ ಮಂಜೂರಾದ ನಂತರದ್ದು, ಅದೂ ಯೋಜನೆಗಿಂತ ಹೆಚ್ಚಾಗಿ ನನ್ನ ಪಾಲಿಗೆ ಬಂದ ಕೇಂದ್ರದ ಮೇಲೆ. ಒಲೆಯ ಜೀವ ಇರುವುದು ಗಾರೆಯವನ ಕೈಯಲ್ಲಿ. ಮೂವತ್ತು ವರ್ಷಗಳಿಂದ ಒಲೆ ಹೂಡುತ್ತ ಬಂದ ನಮ್ಮೂರಿನ ಆ ಹಿರಿಯರಿಗೆ ಜಿಎಸ್‌ಟಿ ನಂಬರ್ ಇಲ್ಲ, ಬಿಲ್ ಪುಸ್ತಕವೂ ಇಲ್ಲ. ಅವರ ಕೂಲಿಯನ್ನು ಲೆಕ್ಕಕ್ಕೆ ಹಿಡಿಯಲು ಎರಡು ತಿಂಗಳು ಪತ್ರವ್ಯವಹಾರ ನಡೆಯಿತು. ಬೆಂಕಿ ಇಟ್ಟಿಗೆಗೆ ಮೂರು ಕೊಟೇಶನ್ ಕೇಳಿದ್ದನ್ನು ಒಪ್ಪಬಹುದು. ತೋಟದ ದರೆಯಿಂದ ತಂದ ಕೆಮ್ಮಣ್ಣಿಗೂ ಕೊಟೇಶನ್ ಕೇಳಿದಾಗ ಫೋನ್ ಇಟ್ಟು ಒಂದು ಕವಳ ಹಾಕಿದೆ. ಅಲ್ಲಿಯ ತಾಂತ್ರಿಕ ಸಲಹೆಗಾರರು ಮಾತ್ರ ಬಂಗಾರದಂಥವರು: ಹೊಗೆಯ ದಾರಿಯಲ್ಲಿ ಉಷ್ಣತೆ ಅಳೆಯುವ ಥರ್ಮೋಕಪಲ್ ಎಲ್ಲಿ ಕೂರಿಸಬೇಕೆಂದು ತೋರಿಸಲು ಖುದ್ದಾಗಿ ಬಂದು, ಮಸಿಯಲ್ಲಿ ಕೈಯಿಟ್ಟು ಹೋದರು.

ಕೊನೆಯದು ಕಾಲದ ತೊಡಕು. ಅಡಿಕೆ ಬೇಯಿಸುವುದು ದೀಪಾವಳಿಯ ಆಸುಪಾಸಿನಿಂದ ಕೆಲವು ತಿಂಗಳು ಮಾತ್ರ. ನನ್ನ ಮೊದಲ ಕಂತು ಬ್ಯಾಂಕಿಗೆ ಬಿದ್ದದ್ದು ಕೊನೆಯ ಕೊಯ್ಲು ಮುಗಿದು ಚಪ್ಪರ ಕಿತ್ತ ಮೇಲೆ. ಅಂದಿನಿಂದಲೇ 18 ತಿಂಗಳ ಎಣಿಕೆ ಶುರುವಾದ ಕಾರಣ, ಒಲೆಯನ್ನು ನಿಜವಾದ ಅಡಿಕೆಯ ಮೇಲೆ ಪರೀಕ್ಷಿಸಲು ನನಗೆ ಸಿಗುವುದು ಒಂದೇ ಸುಗ್ಗಿ. ಮಳೆಗಾಲವಿಡೀ ಬರಿಯ ನೀರು ಕಾಯಿಸಿ ಅಂಕಿ ಬರೆದುಕೊಂಡೆ. ಇದೇ ರೀತಿ ಆಲೆಮನೆಗೋ ಏಲಕ್ಕಿ ಗೂಡಿಗೋ ಉಪಕರಣ ಮಾಡುವವರು, ಹಣ ಬಿಡುಗಡೆಯ ತಿಂಗಳನ್ನು ಒಪ್ಪಂದಕ್ಕೆ ಸಹಿ ಹಾಕುವ ಮೊದಲೇ ಕೇಳಿ ತಿಳಿದುಕೊಳ್ಳುವುದು ಒಳ್ಳೆಯದು. ಅವಧಿ ವಿಸ್ತರಣೆ ಕೋರಿ ನಾನು ಈಗ ಪತ್ರ ಬರೆದಿದ್ದೇನೆ. ವಿಳಂಬಕ್ಕೆ ಕಾರಣ ಎಂಬ ಅಂಕಣದಲ್ಲಿ ‘ಅಡಿಕೆ ಇನ್ನೂ ಬಲಿತಿಲ್ಲ’ ಎನ್ನುವುದನ್ನು ಕಚೇರಿಯ ಇಂಗ್ಲಿಷಿನಲ್ಲಿ ಹೇಗೆ ಹೇಳಬೇಕೆಂದು ತಿಳಿಯದೆ ಒಂದಿಡೀ ಸಂಜೆ ಕಳೆಯಿತು.